ಹೆಸರೋ, ಚಿತ್ರವೋ? ವ್ಯಾಪಾರ ಮುದ್ರೆಯ ಚರಿತ್ರೆ

ನಮ್ಮ ಸಂಘದ ಕುಟುಂಬಗಳಲ್ಲಿ ಈಗ ಸಣ್ಣ ಉದ್ಯಮ ನಡೆಸುವವರು ಕಡಿಮೆಯೇನಿಲ್ಲ. ಒಬ್ಬರು ಚಟ್ನಿಪುಡಿ, ಸಾರಿನಪುಡಿಗಳನ್ನು ಪೊಟ್ಟಣ ಕಟ್ಟಿ ಮಾರುತ್ತಾರೆ. ಇನ್ನೊಬ್ಬರ ಮಗ ಬ್ಯಾಂಕಿನ ಕೆಲಸ ಬಿಟ್ಟು ಕಾಫಿಪುಡಿಯ ಅಂಗಡಿ ಇಟ್ಟಿದ್ದಾನೆ. ಹೋಟೆಲು ಉದ್ಯಮವಂತೂ ನಮ್ಮವರಿಗೆ ಹಿಂದಿನಿಂದಲೂ ಕೈಗೂಡಿದ್ದೇ. ಇವರೆಲ್ಲ ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆ ಒಂದೇ: “ನಮ್ಮ ಮಾಲಿನ ಹೆಸರನ್ನು ರಿಜಿಸ್ಟರ್ ಮಾಡಿಸಬೇಕೋ, ಮೇಲಿರುವ ಚಿತ್ರವನ್ನೋ, ಎರಡನ್ನೂ ಕೂಡಿಸಿಯೋ?” ಗುಮಾಸ್ತೆಗಿರಿ ಮಾಡುವ ನಮ್ಮಂಥವರಿಗೆ ಅರ್ಜಿ ಎಂದರೆ ಕಾಲಂ ತುಂಬುವ ಕೆಲಸ. ಆದರೆ ಈ ಒಂದು ಕಾಲಮ್ಮಿನ ಹಿಂದೆ ನೂರೈವತ್ತು ವರ್ಷಗಳ ಚರಿತ್ರೆ ಇದೆ. ಅದನ್ನು ತಿಳಿಯದೆ ಕಾಲಂ ತುಂಬಿದವರು ಕೋರ್ಟಿನ ಮೆಟ್ಟಿಲು ಹತ್ತಿದ್ದಾರೆ, ತಿಳಿದು ತುಂಬಿದವರೂ ಹತ್ತಿದ್ದಾರೆ. ಆ ಕಥೆಯಲ್ಲಿ ನಮ್ಮ ಮುಂಬಯಿಗೂ ಮೈಸೂರಿಗೂ ಪಾಲಿರುವುದರಿಂದ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಬೇಕೆನಿಸಿತು.

ನಮ್ಮ ದೇಶದಲ್ಲಿ ವ್ಯಾಪಾರ ಮುದ್ರೆ ಎಂಬುದು ಮೊದಲು ಬಂದದ್ದು ಚಿತ್ರದ ರೂಪದಲ್ಲಿ. ಹತ್ತೊಂಬತ್ತನೆಯ ಶತಮಾನದಲ್ಲಿ ಮ್ಯಾಂಚೆಸ್ಟರಿನ ಗಿರಣಿಗಳಿಂದ ಬಟ್ಟೆಯ ಥಾನುಗಳು ಹಡಗಿನಲ್ಲಿ ಬೊಂಬಾಯಿಗೆ ಬರುತ್ತಿದ್ದವು. ಪ್ರತಿ ಥಾನಿನ ಮೇಲೂ ಬಣ್ಣಬಣ್ಣದ ಕಾಗದದ ಚೀಟಿ ಅಂಟಿಸಿರುತ್ತಿದ್ದರು. ವ್ಯಾಪಾರಿಗಳು ಅದಕ್ಕೆ ಟಿಕೆಟ್ಟು ಎನ್ನುತ್ತಿದ್ದರು. ಆ ಚೀಟಿಯ ಮೇಲೆ ಲಕ್ಷ್ಮಿ, ಕೃಷ್ಣ, ಆನೆ, ಹುಲಿ, ರಾಜರು ಇತ್ಯಾದಿ. ಹಳ್ಳಿಯ ಗಿರಾಕಿಗೆ ಇಂಗ್ಲಿಷು ಓದಲು ಬಾರದು, ಅನೇಕರಿಗೆ ಯಾವ ಲಿಪಿಯೂ ಬಾರದು. ಅವರು ಗಿರಣಿಯ ಹೆಸರು ಹೇಳದೆ “ಆನೆಯ ಬಟ್ಟೆ ಕೊಡಿ” ಎಂದೇ ಕೇಳುವವರು. ಹೀಗಾಗಿ ಒಬ್ಬನ ಆನೆಯನ್ನು ಇನ್ನೊಬ್ಬ ಕದ್ದರೆ ಅವನ ಗಿರಾಕಿಯನ್ನೇ ಕದ್ದಂತೆ. ಇಂಗ್ಲೆಂಡಿನಲ್ಲಿ ನೋಂದಣಿ ಕಾಯಿದೆ ಬಂದಾಗ ಹತ್ತಿಬಟ್ಟೆಯ ಮುದ್ರೆಗಳಿಗೆಂದೇ ಮ್ಯಾಂಚೆಸ್ಟರಿನಲ್ಲಿ ಪ್ರತ್ಯೇಕ ಕಚೇರಿ ತೆರೆಯಬೇಕಾಯಿತು ಎಂದ ಮೇಲೆ ಈ ಚೀಟಿಗಳ ಭರಾಟೆ ಎಷ್ಟಿದ್ದಿರಬೇಕು ಎಂದು ವಾಚಕರು ಊಹಿಸಬಹುದು. ಆ ಚೀಟಿಗಳನ್ನು ಈಗ ಹವ್ಯಾಸಿಗಳು ಹುಡುಕಿ ಹುಡುಕಿ ಸಂಗ್ರಹಿಸುತ್ತಾರೆ.

ಆ ಇಂಗ್ಲಿಷ್ ಕಾಯಿದೆ 1875ರದು. ಅದರ ಪ್ರಕಾರ ದಫ್ತರು ತೆರೆದದ್ದು 1876ರ ಜನವರಿ 1ರಂದು. ಮೊದಲನೆಯ ನಂಬರು ಸಿಕ್ಕಿದ್ದು ಬಾಸ್ ಎಂಬ ಬಿಯರ್ ಕಂಪನಿಯ ಕೆಂಪು ತ್ರಿಕೋಣಕ್ಕೆ. ಹಿಂದಿನ ರಾತ್ರಿಯೇ ಕಂಪನಿಯ ನೌಕರನೊಬ್ಬ ಹೋಗಿ ಕಚೇರಿಯ ಬಾಗಿಲಲ್ಲಿ ಕಾದು ನಿಂತಿದ್ದನೆಂದು ಒಂದು ಕಥೆ ಇದೆ. ಅದು ನಿಜವೋ ಸುಳ್ಳೋ, ಸರಕಾರಿ ಕಚೇರಿಯ ಬಾಗಿಲಲ್ಲಿ ಕಾದು ಅಭ್ಯಾಸವಿರುವ ನಮಗೆ ನಂಬಲು ಕಷ್ಟವೇನಿಲ್ಲ. ಆ ತ್ರಿಕೋಣ ಎಷ್ಟು ಹೆಸರಾಗಿತ್ತೆಂದರೆ, ಫ್ರಾನ್ಸಿನ ಚಿತ್ರಕಾರ ಮಾನೆ 1882ರಲ್ಲಿ ಬರೆದು ಮುಗಿಸಿದ ಪ್ಯಾರಿಸ್ಸಿನ ಪಾನಗೃಹದ ಚಿತ್ರದಲ್ಲಿ, ಕಟ್ಟೆಯ ಮೇಲಿಟ್ಟ ಸೀಸೆಗಳ ಮೇಲೆ ಅದು ಸ್ಪಷ್ಟವಾಗಿ ಕಾಣುತ್ತದೆ. ಬರಿಯ ಮೂರು ಗೆರೆ, ಒಂದು ಬಣ್ಣ. ಅಕ್ಷರವೇ ಬೇಕಿರಲಿಲ್ಲ.

ಭಾರತದಲ್ಲಿ ಮಾತ್ರ ದಫ್ತರು ತೆರೆಯಲು ಬಹಳ ಕಾಲ ಹಿಡಿಯಿತು. 1889ರಲ್ಲಿ ಸರಕುಗಳ ಮೇಲೆ ಸುಳ್ಳು ಗುರುತು ಹಾಕುವವರನ್ನು ಶಿಕ್ಷಿಸುವ ಕಾಯಿದೆ ಬಂತು. ನೋಂದಣಿಯ ವ್ಯವಸ್ಥೆ ಬರಲಿಲ್ಲ. ವ್ಯಾಪಾರಿಗಳು ಒಂದು ಉಪಾಯ ಕಂಡುಕೊಂಡರು. ಹೊಲಮನೆಗಳ ಕ್ರಯಪತ್ರ ರಿಜಿಸ್ಟರಾಗುವ ಸಬ್ ರಿಜಿಸ್ಟ್ರಾರರ ಕಚೇರಿಗೆ ಹೋಗಿ, “ಈ ಗುರುತು ನಮ್ಮದು” ಎಂಬ ಒಂದು ಹೇಳಿಕೆಯನ್ನು ಬರೆದು, ಚೀಟಿಯ ಮಾದರಿಯನ್ನು ಅದಕ್ಕೆ ಅಂಟಿಸಿ ನೋಂದಾಯಿಸಿ ಬರುವುದು. ಅದರಿಂದ ಹಕ್ಕೇನೂ ಹುಟ್ಟುತ್ತಿರಲಿಲ್ಲ. ಇಂಥ ವರ್ಷದಿಂದ ನಾವು ಬಳಸುತ್ತಿದ್ದೇವೆ ಎಂಬುದಕ್ಕೆ ಒಂದು ಸಾಕ್ಷಿ ಅಷ್ಟೆ. ನಿಜವಾದ ಟ್ರೇಡ್ ಮಾರ್ಕ್ ಕಾಯಿದೆ ಆದದ್ದು 1940ರಲ್ಲಿ, ನೋಂದಣಿ ಶುರುವಾದದ್ದು 1942ರಲ್ಲಿ. ಯುದ್ಧದ ಕಾಲ, ಚಲೇಜಾವ್ ಚಳವಳಿಯ ವರ್ಷ. ಅಂಥ ಗದ್ದಲದಲ್ಲೂ ತಮ್ಮ ಕಾಗದಪತ್ರ ಸರಿಮಾಡಿಕೊಳ್ಳಲು ಹೊರಟವರಲ್ಲಿ ನಮ್ಮ ಮುಂಬಯಿಯ ಪಾರ್ಲೆಯವರೂ ಇದ್ದರು.

ಪಾರ್ಲೆಯ ಕಥೆಯನ್ನು ಇಲ್ಲಿಯ ಕನ್ನಡಿಗರಿಗೆ ಹೇಳುವುದು ಅಡಿಗೆಯವನಿಗೆ ಒಗ್ಗರಣೆ ಹೇಳಿಕೊಟ್ಟ ಹಾಗೆ. ವಿಲೆಪಾರ್ಲೆ ಸ್ಟೇಷನ್ನಿನಲ್ಲಿ ಲೋಕಲ್ ನಿಂತಾಗ ಬಿಸ್ಕತ್ತು ಬೇಯುವ ವಾಸನೆ ಡಬ್ಬಿಯೊಳಗೆ ಬರುತ್ತಿದ್ದುದನ್ನು ಬಲ್ಲದವರು ಉಪನಗರದಲ್ಲಿ ಯಾರಿದ್ದಾರೆ? ಆ ಕಾರ್ಖಾನೆ 2016ರಲ್ಲಿ ಮುಚ್ಚಿತು. ಕಂಪನಿ 1929ರಲ್ಲಿ ಮಿಠಾಯಿಯಿಂದ ಆರಂಭವಾಗಿ, 1939ರ ಹೊತ್ತಿಗೆ ಬಿಸ್ಕತ್ತಿಗೆ ಬಂದಿತ್ತು. ಅವರು ರಿಜಿಸ್ಟರ್ ಮಾಡಿಸಿದ ಗುರುತುಗಳಲ್ಲಿ ಎರಡನ್ನು ನಾವು ಗಮನಿಸಬೇಕು. ಒಂದು, ‘ಗ್ಲೂಕೊ’ ಎಂಬ ಪದ. ಇನ್ನೊಂದು, 1942ರ ಡಿಸೆಂಬರ್ 7ರ ತಾರೀಖಿನಿಂದ ನೋಂದಣಿಯಾದ ಬಿಸ್ಕತ್ತಿನ ಹೊದಿಕೆ ಕಾಗದ, ಅದರ ಬಣ್ಣ, ಚಿತ್ರ, ಪದಗಳ ಜೋಡಣೆ ಎಲ್ಲ ಸೇರಿ. ಚಿತ್ರ ಇಂತಿತ್ತು: ಮಂದ ಹಳದಿ ಕಾಗದದ ಮೇಲೆ ಒಂದು ಹಳ್ಳಿಯ ಮನೆಯ ಅಂಗಳ, ಮರಗಳು, ನಡುವೆ ನೀರಿನ ಪಾತ್ರೆ ಹೊತ್ತ ಹುಡುಗಿ, ಸುತ್ತ ಹಸುಗಳು, ಕೋಳಿಗಳು. ಹೆಸರಿಗೆ ಒಂದು ಅರ್ಜಿ, ಚಿತ್ರಕ್ಕೆ ಇನ್ನೊಂದು ಅರ್ಜಿ, ಎರಡು ಸಲ ಶುಲ್ಕ. ಯುದ್ಧಕಾಲದ ಬಿಗಿಯಲ್ಲಿ ಇದು ದುಂದೆಂದು ಯಾರಿಗಾದರೂ ತೋರಿದ್ದರೆ ಆಶ್ಚರ್ಯವಿಲ್ಲ.

ಆ ಎರಡನೆಯ ಅರ್ಜಿ ಕೆಲಸಕ್ಕೆ ಬಂದದ್ದು ಹತ್ತೊಂಬತ್ತು ವರ್ಷಗಳ ಮೇಲೆ. 1961ರಲ್ಲಿ ಪಾರ್ಲೆಯವರಿಗೆ ತಿಳಿದುಬಂತು, ಮೈಸೂರಿನ ಜೆ. ಪಿ. ಅಂಡ್ ಕಂಪನಿ ಎಂಬ ಸಂಸ್ಥೆಯವರು ಮಾರುವ ಬಿಸ್ಕತ್ತಿನ ಹೊದಿಕೆ ತಮ್ಮದನ್ನೇ ಹೋಲುತ್ತದೆ ಎಂದು. ಅದರಲ್ಲೂ ಒಬ್ಬ ಹುಡುಗಿ. ಆದರೆ ಅವಳ ತಲೆಯ ಮೇಲೆ ಇದ್ದುದು ಹುಲ್ಲಿನ ಹೊರೆ. ಒಂದು ಕೈ ಹೊರೆಯನ್ನು ಹಿಡಿದಿದೆ, ಇನ್ನೊಂದು ಕೈಯಲ್ಲಿ ಕುಡುಗೋಲು ಮತ್ತು ಬುತ್ತಿಯ ಗಂಟು. ಹಸುಗಳಿವೆ, ಕೋಳಿಗಳಿವೆ, ಆದರೆ ಅದೇ ಹಸುಗಳಲ್ಲ, ಅದೇ ಕೋಳಿಗಳಲ್ಲ. ಮೇಲೆ ಬರೆದದ್ದು ‘ಗ್ಲೂಕೋಸ್ ಬಿಸ್ಕತ್ತು’ ಎಂದು. ಪಾರ್ಲೆಯದು ‘ಗ್ಲೂಕೊ ಬಿಸ್ಕತ್ತು’. ಮೈಸೂರಿನವರ ವಾದವೇನೂ ಬೆಪ್ಪುತನದ್ದಲ್ಲ. ನೀರಿನ ಪಾತ್ರೆ ಬೇರೆ, ಹುಲ್ಲಿನ ಹೊರೆ ಬೇರೆ. ಹಳ್ಳಿಯ ಹುಡುಗಿ, ಹಸು, ಕೋಳಿ ಯಾರ ಅಪ್ಪನ ಆಸ್ತಿಯೂ ಅಲ್ಲ. ಕೆಳಗಿನ ಕೋರ್ಟು ಅವರ ಮಾತನ್ನೇ ಒಪ್ಪಿತು. ಮುಂದೆ ಮೈಸೂರು ಹೈಕೋರ್ಟೂ (ಆಗ ನಮ್ಮ ರಾಜ್ಯಕ್ಕೆ ಇನ್ನೂ ಕರ್ನಾಟಕವೆಂಬ ಹೆಸರು ಬಂದಿರಲಿಲ್ಲ) ಪಾರ್ಲೆಯ ಅಪೀಲನ್ನು ವಜಾ ಮಾಡಿತು.

ಸುಪ್ರೀಂ ಕೋರ್ಟಿನ ತೀರ್ಪು ಬಂದದ್ದು 1972ರಲ್ಲಿ. ಅದು ತಿರುಗುಮುರುಗಾಯಿತು. ಎರಡು ಪೊಟ್ಟಣಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ವ್ಯತ್ಯಾಸಗಳನ್ನು ಎಣಿಸುವುದೇ ತಪ್ಪು ವಿಧಾನವೆಂದಿತು ಕೋರ್ಟು. ಅಂಗಡಿಗೆ ಬರುವವನು ಹಾಗೆ ನೋಡುವುದಿಲ್ಲ. ಇಂದು ಒಂದನ್ನು ಕಂಡವನು ಇನ್ನೊಂದು ದಿನ ಮತ್ತೊಂದನ್ನು ಕಂಡರೆ, ಇದು ಅದೇ ಎಂದುಕೊಳ್ಳುತ್ತಾನೋ ಇಲ್ಲವೋ ಎಂಬುದೇ ಪ್ರಶ್ನೆ. ಸಾಮಾನ್ಯ ಗಿರಾಕಿ ಷರ್ಲಾಕ್ ಹೋಮ್ಸ್ ಅಲ್ಲ ಎಂಬರ್ಥದ ಮಾತು ಆ ತೀರ್ಪಿನಲ್ಲಿದೆ. ಅಳತೆ, ಬಣ್ಣ, ಕೈ ಎತ್ತಿದ ಹುಡುಗಿ, ಪಕ್ಕದಲ್ಲಿ ಹಸು, ಮುಂದೆ ಕೋಳಿ, ಇದರ ಒಟ್ಟು ಛಾಪು ಮನಸ್ಸಿನಲ್ಲಿ ಉಳಿಯುತ್ತದೆಯೇ ಹೊರತು ಕೋಳಿ ಎಷ್ಟಿದ್ದವು ಎಂಬ ಲೆಕ್ಕ ಉಳಿಯುವುದಿಲ್ಲ. ಮೈಸೂರಿನವರಿಗೆ ಆ ಹೊದಿಕೆಯನ್ನು ಬಳಸದಂತೆ ತಡೆಯಾಜ್ಞೆಯಾಯಿತು. ಬಟ್ಟೆಯ ಟಿಕೆಟ್ಟಿನ ಕಾಲದ ಗಿರಾಕಿಯನ್ನು ನೂರು ವರ್ಷಗಳ ನಂತರ ಕೋರ್ಟು ಮತ್ತೆ ಗುರುತಿಸಿತೆಂದೇ ನಾವು ಇದನ್ನು ಓದಿಕೊಂಡಿದ್ದೇವೆ.

ಚಿತ್ರವೊಂದೇ ಇದ್ದರೆ ಸಾಕಲ್ಲವೇ, ಹೆಸರಿನ ನೋಂದಣಿ ಏಕೆ ಎಂದು ಕೇಳಬಹುದು. ಚಿತ್ರವನ್ನು ಕಾಲಕಾಲಕ್ಕೆ ಬದಲಾಯಿಸಬೇಕಾಗುತ್ತದೆ. ಪಾರ್ಲೆಯವರೇ ಆ ಅಂಗಳ, ಹಸು, ಕೋಳಿಗಳನ್ನು ಬಿಟ್ಟು ಪುಟ್ಟ ಮಗುವಿನ ಚಿತ್ರಕ್ಕೆ ಬಂದರು. ಆ ಮಗು ಯಾರು ಎಂಬ ಬಗ್ಗೆ ಎಷ್ಟೋ ಗಾಳಿಸುದ್ದಿಗಳಿವೆ. ಅದು 1960ರ ದಶಕದಲ್ಲಿ ಜಾಹೀರಾತು ಸಂಸ್ಥೆಯ ಚಿತ್ರಕಾರರು ಬರೆದದ್ದು, ಯಾರದೇ ಫೋಟೋ ಅಲ್ಲ ಎಂದು ಕಂಪನಿಯೇ ಹೇಳಿದೆ. ಚಿತ್ರ ಬದಲಾದಾಗ ಹಳೆಯ ಚಿತ್ರದ ನೋಂದಣಿಯಿಂದ ಹೊಸದಕ್ಕೆ ರಕ್ಷಣೆ ಸಿಗುವುದಿಲ್ಲ. ಪದದ ನೋಂದಣಿಯಾದರೆ ಯಾವ ಅಕ್ಷರಶೈಲಿಯಲ್ಲಿ ಬರೆದರೂ, ಯಾವ ಬಣ್ಣದಲ್ಲಿ ಅಚ್ಚು ಹಾಕಿದರೂ ಪದ ಪದವೇ.

ಆದರೆ ಪದದಲ್ಲೂ ಗಟ್ಟಿ, ಪೊಳ್ಳು ಎಂಬುದುಂಟು. ಪಾರ್ಲೆಯವರಿಗೆ ಇದೇ ತೊಡಕಾಯಿತು. ನಾವು ಬಿ.ಎಸ್‌ಸಿ.ಯಲ್ಲಿ ರಸಾಯನಶಾಸ್ತ್ರ ಓದಿದವರು. ಗ್ಲೂಕೋಸ್ ಎಂದರೆ ಆರು ಇಂಗಾಲ, ಹನ್ನೆರಡು ಜಲಜನಕ, ಆರು ಆಮ್ಲಜನಕ. ದ್ರಾಕ್ಷಿಯಲ್ಲೂ ಜೇನಿನಲ್ಲೂ ನಮ್ಮ ನಿಮ್ಮ ರಕ್ತದಲ್ಲೂ ಇರುವ ಸಕ್ಕರೆಗೆ ಒಬ್ಬ ಬಿಸ್ಕತ್ತಿನ ವ್ಯಾಪಾರಿ ಯಜಮಾನನಾಗುವುದು ಹೇಗೆ? ಮಾಲಿನಲ್ಲಿ ಏನಿದೆ ಎಂದು ಹೇಳುವ ಪದ ಎಲ್ಲರದೂ ಹೌದು. ಊರೂರಿನ ಕಾರ್ಖಾನೆಗಳೆಲ್ಲ ಗ್ಲೂಕೋಸ್ ಬಿಸ್ಕತ್ತು ಎಂದೇ ಅಚ್ಚು ಹಾಕತೊಡಗಿದಾಗ, 1980ರ ದಶಕದ ಆರಂಭದಲ್ಲಿ ಪಾರ್ಲೆಯವರು ‘ಪಾರ್ಲೆ-ಜಿ’ ಎಂದು ಹೆಸರು ಬದಲಾಯಿಸಿದರು. ಗ್ಲೂಕೋಸಿನ ಒಂದಕ್ಷರ ಮಾತ್ರ ಉಳಿಯಿತು, ಊರಿನ ಹೆಸರು ಮುಂದೆ ಬಂತು. ಈಗ ಅದನ್ನು ಕೇಳಿದವರಿಗೆ ಆ ಊರು ನೆನಪಾಗುವುದಿಲ್ಲ, ಬಿಸ್ಕತ್ತೇ ನೆನಪಾಗುತ್ತದೆ. ನಲವತ್ತು ವರ್ಷ ಖರ್ಚು ಮಾಡಿ ಬೆಳೆಸಿದ ಹೆಸರನ್ನು ಹೀಗೆ ಕತ್ತರಿಸುವ ಧೈರ್ಯ ಎಲ್ಲರಿಗೂ ಬರುವುದಿಲ್ಲ.

ಇದೇ ಗ್ಲೂಕೋಸಿನ ಸುತ್ತ ಇನ್ನೊಂದು ಕೇಸೂ ಆಗಿತ್ತು. ‘ಗ್ಲೂಕೋವಿಟಾ’ ಎಂಬ ಪುಡಿಯ ಕಂಪನಿಯವರು, ‘ಗ್ಲುವಿಟಾ’ ಎಂಬ ಹೆಸರಿನಲ್ಲಿ ಬಿಸ್ಕತ್ತು ಮಾರಹೊರಟವರನ್ನು ಎದುರಿಸಿ 1959ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದರು. ನಡುವಿನ ಒಂದೇ ಉಚ್ಚಾರ ಕಡಿಮೆಯಾದ ಮಾತ್ರಕ್ಕೆ ಹೆಸರು ಬೇರೆಯಾಗಲಿಲ್ಲ. ಅದಕ್ಕಿಂತ ಸ್ವಾರಸ್ಯದ್ದು 1962ರ ಅಮೃತಧಾರಾ ಕೇಸು. ಹೊಟ್ಟೆನೋವು, ತಲೆನೋವುಗಳಿಗೆ ಮನೆಮನೆಯಲ್ಲಿ ಇಡುತ್ತಿದ್ದ ಆ ಔಷಧಿ ಲಾಹೋರಿನಲ್ಲಿ 1903ರ ಸುಮಾರಿಗೆ ಹುಟ್ಟಿ, ದೇಶವಿಭಜನೆಯಾದ ಮೇಲೆ ಡೆಹ್ರಾಡೂನಿಗೆ ಬಂದದ್ದು. ಉತ್ತರ ಪ್ರದೇಶದವರೊಬ್ಬರು ಅಂಥದೇ ಔಷಧಿಗೆ ‘ಲಕ್ಷ್ಮಣಧಾರಾ’ ಎಂದು ಹೆಸರಿಟ್ಟು 1923ರಿಂದ ಮಾರುತ್ತಿದ್ದರು. ಅಮೃತದ ಧಾರೆ ಬೇರೆ, ಲಕ್ಷ್ಮಣನ ಧಾರೆ ಬೇರೆ ಎಂದು ಅಲಹಾಬಾದು ಹೈಕೋರ್ಟು ಪದಗಳನ್ನು ಬಿಡಿಸಿ ಅರ್ಥ ಹೇಳಿತು. ವ್ಯಾಕರಣದ ದೃಷ್ಟಿಯಿಂದ ಸರಿಯೇ. ಆದರೆ ಔಷಧಿ ಕೊಳ್ಳುವ ಹಳ್ಳಿಯವನು ಸಮಾಸ ಬಿಡಿಸುತ್ತಾ ಕೂಡುವುದಿಲ್ಲ, ಅವನಿಗಿರುವುದು ಅರೆಬರೆ ನೆನಪು ಎಂದಿತು ಸುಪ್ರೀಂ ಕೋರ್ಟು. ಹೆಸರುಗಳು ಹೋಲುತ್ತವೆ ಎಂದು ತೀರ್ಮಾನಿಸಿಯೂ, ಇಷ್ಟು ವರ್ಷ ಕಣ್ಣೆದುರೇ ಪ್ರಾಮಾಣಿಕವಾಗಿ ನಡೆದ ವ್ಯಾಪಾರವೆಂಬ ಕಾರಣಕ್ಕೆ ಉತ್ತರ ಪ್ರದೇಶದ ಮಟ್ಟಿಗೆ ಲಕ್ಷ್ಮಣಧಾರೆಗೂ ನೋಂದಣಿ ಉಳಿಸಿಕೊಟ್ಟಿತು. ಬೇರೆಯವರು ತಮ್ಮ ಹೆಸರನ್ನು ಹೋಲುವ ಹೆಸರು ಬಳಸುತ್ತಿರುವುದನ್ನು ಕಂಡೂ ಸುಮ್ಮನಿರುವವರು ಈ ಕೇಸನ್ನು ಒಮ್ಮೆ ನೆನೆಯುವುದು ಒಳ್ಳೆಯದು.

ಊರಿನ ಹೆಸರುಗಳ ವಿಷಯ ನಮ್ಮವರಿಗೆ ತೀರ ಹತ್ತಿರದ್ದು. ಸಿಗರೇಟಿಗೆ ‘ಸಿಮ್ಲಾ’ ಎಂಬ ಹೆಸರನ್ನೂ ಜೊತೆಗೆ ಹಿಮದ ಬೆಟ್ಟಗಳ ಚಿತ್ರವನ್ನೂ ನೋಂದಾಯಿಸಬೇಕೆಂದು ಇಂಪೀರಿಯಲ್ ಟೊಬ್ಯಾಕೊ ಕಂಪನಿ ಕೇಳಿದಾಗ ರಿಜಿಸ್ಟ್ರಾರರು ನಿರಾಕರಿಸಿದರು. 1977ರಲ್ಲಿ ಕಲ್ಕತ್ತಾ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಬೆಟ್ಟದ ಚಿತ್ರ ಸೇರಿಸಿದರೂ ಸಿಮ್ಲಾ ಸಿಮ್ಲಾ ನಗರವೇ. ಹಾಗಿದ್ದರೆ ಮಾಟುಂಗಾದಿಂದ ಹಿಡಿದು ಬೋರಿವಲಿಯವರೆಗೆ ಎಷ್ಟು ‘ಉಡುಪಿ’ ಹೋಟೆಲುಗಳಿವೆಯೋ ಅವರಲ್ಲಿ ಯಾರೊಬ್ಬರೂ ಉಡುಪಿ ಎಂಬ ಪದವನ್ನು ತಮ್ಮೊಬ್ಬರದೇ ಮಾಡಿಕೊಳ್ಳುವುದು ಕಷ್ಟವೆಂದು ಬೇರೆ ಹೇಳಬೇಕಿಲ್ಲ. ಅಂಥವರು ಜೊತೆಗಿನ ಪದವನ್ನೋ ಚಿತ್ರವನ್ನೋ ಗಟ್ಟಿ ಮಾಡಿಕೊಳ್ಳಬೇಕು. ಮೈಸೂರು ಸ್ಯಾಂಡಲ್ ಸೋಪನ್ನು ನೋಡಿ. ಮೈಸೂರು ಊರಿನ ಹೆಸರು, ಸ್ಯಾಂಡಲ್ ಎಂದರೆ ಗಂಧ, ಸೋಪೆಂದರೆ ಸೋಪು. ಮೂರೂ ಪದಗಳು ಇದ್ದುದನ್ನು ಇದ್ದಂತೆ ಹೇಳುವಂಥವೇ. ಆದರೆ 1918ರಿಂದ ಬಂದ ಆ ಸೋಪಿನ ಮೇಲೆ ಆನೆಯ ತಲೆ, ಸಿಂಹದ ಮೈ ಇರುವ ಶರಭದ ಮುದ್ರೆ ಇದೆ. ಅಂಥ ಪ್ರಾಣಿ ಇನ್ನಾವ ಸೋಪಿನ ಮೇಲೂ ಆಕಸ್ಮಿಕವಾಗಿ ಬಂದು ಕೂರುವುದು ಸಾಧ್ಯವಿಲ್ಲ. ಊರಿಗೇ ಸೇರಿದ ಹೆಸರಿಗೆ ಭೌಗೋಳಿಕ ಸೂಚಕವೆಂಬ ಬೇರೆಯೇ ನೋಂದಣಿ ಈಗ ಇದೆ; ಮೈಸೂರು ಸ್ಯಾಂಡಲ್ ಸೋಪಿಗೆ ಅದೂ ದೊರೆತಿದೆ. ಅದರ ಮಾತು ಇನ್ನೊಮ್ಮೆ.

ಇನ್ನು ನಂದಿನಿಯ ಕೇಸು. ಕರ್ನಾಟಕದ ಹಾಲು ಮಹಾಮಂಡಳಿ 1985ರಿಂದ ಆ ಹೆಸರನ್ನು ಬಳಸುತ್ತಿದೆ. ಬೆಂಗಳೂರಿನ ಆಂಧ್ರ ಶೈಲಿಯ ಒಂದು ಹೋಟೆಲು ಸಂಸ್ಥೆ 1989ರಿಂದ ‘ನಂದಿನಿ ಡಿಲಕ್ಸ್’. ಇಂಗ್ಲಿಷಿನಲ್ಲಿ ಹೋಟೆಲಿನವರದಕ್ಕೆ ಒಂದು ‘ಎಚ್’ ಅಕ್ಷರ ಹೆಚ್ಚು. ಕನ್ನಡದ ಕಿವಿಗೆ ಅದು ಕೇಳಿಸುವುದೇ ಇಲ್ಲ. ಹೋಟೆಲಿನವರು ಆಹಾರಪದಾರ್ಥಗಳಿಗೆ ನೋಂದಣಿ ಕೇಳಿದಾಗ ಮಹಾಮಂಡಳಿ ತಕರಾರು ಹಾಕಿತು. ರಿಜಿಸ್ಟ್ರಿ ಹೋಟೆಲಿನ ಪರ, ಮೇಲ್ಮನವಿ ಮಂಡಳಿ ಹಾಲಿನವರ ಪರ, ಹೈಕೋರ್ಟೂ ಹಾಲಿನವರ ಪರ. ಕೊನೆಗೆ 2018ರ ಜುಲೈ 26ರಂದು ಸುಪ್ರೀಂ ಕೋರ್ಟು ಹೋಟೆಲಿನ ಪರ. ನಂದಿನಿ ಎಂಬುದು ಯಾರೋ ಹೊಸದಾಗಿ ಸೃಷ್ಟಿಸಿದ ಪದವಲ್ಲ, ದೇವತೆಯ ಹೆಸರು, ಪುರಾಣದ ಹಸುವಿನ ಹೆಸರು, ಹಾಲಿನವರ ಗುರುತಿನಲ್ಲಿ ಹಸು, ಹೋಟೆಲಿನವರದರಲ್ಲಿ ದೀಪ, ಮಾಲುಗಳೂ ಬೇರೆ. ಆದ್ದರಿಂದ ಗೊಂದಲವಿಲ್ಲ ಎಂದಿತು. ಹಾಲು, ಹಾಲಿನ ಪದಾರ್ಥಗಳನ್ನು ಮಾತ್ರ ಹೋಟೆಲಿನವರ ನೋಂದಣಿಯಿಂದ ತೆಗೆದಿಟ್ಟಿತು. ಪುರಾಣದಿಂದ ಹೆಸರು ಆರಿಸುವುದು ನಮ್ಮವರಿಗೆ ಬಹಳ ಪ್ರಿಯ. ಗಣೇಶ, ಲಕ್ಷ್ಮಿ, ಅನ್ನಪೂರ್ಣೆಯರು ವ್ಯಾಪಾರಕ್ಕೆ ಶುಭವೂ ಹೌದು. ಆದರೆ ದೇವರ ಹೆಸರಿನ ಸುತ್ತ ಬೇಲಿ ಎತ್ತರವಾಗಿ ಹಾಕಲು ಬರುವುದಿಲ್ಲ. ಅಲ್ಲಿ ಚಿತ್ರವೇ ಹೆಚ್ಚು ಭಾರ ಹೊರಬೇಕಾಗುತ್ತದೆ. ಯಾವ ಅರ್ಥವೂ ಇಲ್ಲದ ಹೊಸ ಪದ ಕಟ್ಟಿದವನ ಬೇಲಿಯೇ ಎಲ್ಲಕ್ಕಿಂತ ಎತ್ತರ, ಅಂಥ ಪದ ಆರಂಭದಲ್ಲಿ ಗಿರಾಕಿಯ ನಾಲಗೆಗೆ ಹತ್ತುವುದು ಕಷ್ಟವಾದರೂ.

ಈಗಿನ ಕಾಯಿದೆ 1999ರದು, ಜಾರಿಗೆ ಬಂದದ್ದು 2003ರ ಸೆಪ್ಟೆಂಬರ್ 15ರಂದು. ಅದಕ್ಕೆ ಮೊದಲಿನ 1958ರ ಕಾಯಿದೆಯಲ್ಲಿ ಹೋಟೆಲು, ಸಾರಿಗೆ ಮುಂತಾದ ಸೇವೆಗಳಿಗೆ ನೋಂದಣಿಯೇ ಇರಲಿಲ್ಲ, ಸರಕುಗಳಿಗೆ ಮಾತ್ರ ಇತ್ತು. ಅವಧಿಯೂ ಏಳು ವರ್ಷ. ಈಗ ಹತ್ತು ವರ್ಷ, ಶುಲ್ಕ ಕಟ್ಟಿ ಎಷ್ಟು ಸಲ ಬೇಕಾದರೂ ಮುಂದುವರಿಸಬಹುದು. ಸರಕು ಸೇವೆಗಳನ್ನು 45 ವರ್ಗಗಳಾಗಿ ವಿಂಗಡಿಸಿದ್ದಾರೆ. ಮಸಾಲೆ, ಕಾಫಿಪುಡಿ 30ನೆಯ ವರ್ಗ, ಹೋಟೆಲು 43ನೆಯದು. 2017ರ ನಿಯಮಗಳಂತೆ ಒಬ್ಬ ವ್ಯಕ್ತಿ ಅಥವಾ ಸಣ್ಣ ಉದ್ಯಮಕ್ಕೆ ಒಂದು ವರ್ಗಕ್ಕೆ ಗಣಕಯಂತ್ರದ ಮೂಲಕ ಸಲ್ಲಿಸಿದರೆ 4,500 ರೂಪಾಯಿ, ದೊಡ್ಡ ಕಂಪನಿಗಳಿಗೆ 9,000. ಹೆಸರು, ಚಿತ್ರ ಬೇರೆ ಬೇರೆ ಕೊಟ್ಟರೆ ಎರಡು ಅರ್ಜಿ, ಎರಡು ಶುಲ್ಕ. ಎರಡನ್ನೂ ಕೂಡಿಸಿ ಒಂದೇ ಅರ್ಜಿ ಹಾಕಿದರೆ ಹಣ ಉಳಿಯುತ್ತದೆ ನಿಜ. ಆದರೆ ಹಕ್ಕು ಸಿಗುವುದು ಆ ಇಡೀ ಜೋಡಣೆಗೆ, ಒಳಗಿನ ತುಂಡುಗಳಿಗಲ್ಲ. ನಾಳೆ ಇನ್ನೊಬ್ಬ ಚಿತ್ರ ಬಿಟ್ಟು ಹೆಸರೊಂದನ್ನೇ ಎತ್ತಿಕೊಂಡರೆ ಹೋರಾಟ ಉದ್ದವಾಗುತ್ತದೆ.

ನಮ್ಮನ್ನು ಕೇಳಿದರೆ, ಕೈಯಲ್ಲಿ ಒಂದೇ ಶುಲ್ಕದ ಹಣವಿದ್ದು ಹೆಸರು ಹೊಸದಾಗಿ ಕಟ್ಟಿದ್ದಾದರೆ ಮೊದಲು ಹೆಸರನ್ನೇ ಬರಿಯ ಅಕ್ಷರದಲ್ಲಿ ಮಾಡಿಸಬೇಕು. ಹೆಸರು ಊರಿನದೋ ಮಾಲಿನ ಗುಣ ಹೇಳುವುದೋ ಆದರೆ ಬರಿಯ ಹೆಸರಿಗೆ ಅರ್ಜಿ ಹಾಕಿ ತಿರಸ್ಕಾರ ಪಡೆಯುವುದಕ್ಕಿಂತ ಚಿತ್ರದೊಡನೆ ಕೊಡುವುದು ಮೇಲು. ಚಿತ್ರವನ್ನು ಕಪ್ಪುಬಿಳುಪಿನಲ್ಲಿ ಕೊಟ್ಟರೆ ಎಲ್ಲ ಬಣ್ಣಗಳಿಗೂ ಅನ್ವಯಿಸುತ್ತದೆ. ಬಣ್ಣವೇ ಗುರುತಾಗಿದ್ದರೆ ಮಾತ್ರ ಬಣ್ಣದಲ್ಲಿ ಕೊಡಬೇಕು. ಇನ್ನೊಂದು ಸಂಗತಿಯನ್ನು ಬಹಳ ಜನ ಮರೆಯುತ್ತಾರೆ: ಚಿತ್ರ ಬರೆದುಕೊಟ್ಟ ಕಲಾವಿದನಿಂದ ಹಕ್ಕು ಬಿಟ್ಟುಕೊಟ್ಟದ್ದಕ್ಕೆ ಒಂದು ಕಾಗದ ಬರೆಸಿಕೊಳ್ಳುವುದು. ಅವನು ನಮ್ಮ ಸೋದರಳಿಯನೇ ಆಗಿದ್ದರೂ ಸರಿ.

ಅರ್ಜಿ ಒಪ್ಪಿತವಾದ ಮೇಲೆ ರಿಜಿಸ್ಟ್ರಿಯ ಜರ್ನಲ್ಲಿನಲ್ಲಿ ಪ್ರಕಟವಾಗುತ್ತದೆ. ನಾಲ್ಕು ತಿಂಗಳೊಳಗೆ ಯಾರು ಬೇಕಾದರೂ ತಕರಾರು ಹಾಕಬಹುದು. ನೋಂದಣಿಯಾಗುವವರೆಗೆ ಹೆಸರಿನ ಪಕ್ಕದಲ್ಲಿ ‘ಟಿಎಂ’ ಎಂದು ಬರೆಯಲು ಅಡ್ಡಿಯಿಲ್ಲ, ಆದರೆ ವೃತ್ತದೊಳಗಿನ ‘ಆರ್’ ಗುರುತನ್ನು ನೋಂದಣಿಗೆ ಮೊದಲೇ ಹಾಕುವುದು ಅಪರಾಧ. ರಿಜಿಸ್ಟ್ರಿಯ ಮುಖ್ಯ ಕಚೇರಿ ನಮ್ಮ ಆಂಟಾಪ್ ಹಿಲ್ಲಿನಲ್ಲಿಯೇ ಇದೆ. ಅಲ್ಲಿನ ಸರಕಾರಿ ಕ್ವಾರ್ಟರ್ಸಿನಲ್ಲಿರುವ ನಮ್ಮ ಸದಸ್ಯರು ದಿನವೂ ಅದರ ಮುಂದೆ ಓಡಾಡುತ್ತಾರೆ. ಮದರಾಸು, ದಿಲ್ಲಿ, ಕಲ್ಕತ್ತಾ, ಅಹಮದಾಬಾದುಗಳಲ್ಲಿ ಶಾಖೆಗಳಿವೆ. ಕರ್ನಾಟಕದಲ್ಲಿ ವ್ಯಾಪಾರ ಮಾಡುವವರ ಅರ್ಜಿ ಹೋಗುವುದು ಮದರಾಸಿಗೆ, ಅಂದರೆ ಈಗಿನ ಚೆನ್ನೈಗೆ. ಅರ್ಜಿ ಹಾಕುವ ಮುನ್ನ ದಫ್ತರಿನಲ್ಲಿ ಅದೇ ಹೆಸರು ಇದೆಯೇ ಎಂದು ಇಂಟರ್‌ನೆಟ್ಟಿನಲ್ಲಿ ಪುಕ್ಕಟೆಯಾಗಿ ಹುಡುಕಬಹುದು. ಹುಡುಕುವಾಗ ಅಕ್ಷರವನ್ನಷ್ಟೇ ನೋಡದೆ ಉಚ್ಚಾರವನ್ನೂ ನೋಡಬೇಕು. ‘ಎಚ್’ ಇದ್ದರೂ ಇಲ್ಲದಿದ್ದರೂ.